ಸ್ವೆತೊಲಿಕ್ ಹೆಸರಿನ ಬೋರ್ಡು

ಪಿರೋತ್ ಊರಿನ ರೇಡಿಯೋ ಕ್ಲಬ್ಬಿನಲ್ಲಿ ಸ್ವೆತೊಲಿಕ್‌ನ ಕೈ ಅಂದರೆ ಬಂಗಾರದ ಕೈ. ಮನೆಯಲ್ಲೇ ಸರ್ಕ್ಯೂಟ್ ಬೋರ್ಡು ಮಾಡಿಕೊಳ್ಳುವ ಹುಚ್ಚರು ಊರಿನಲ್ಲಿ ಇನ್ನೂ ಕೆಲವರು ಇದ್ದರು, ಇಲ್ಲವೆಂದಲ್ಲ. ತಾಮ್ರದ ತಗಡು ಮೆತ್ತಿದ ಹಲಗೆಯ ಮೇಲೆ ಎಲ್ಲರೂ ಉಗುರುಬಣ್ಣದಲ್ಲೇ ಗೆರೆ ಎಳೆಯುತ್ತಿದ್ದರು; ಎಲ್ಲರೂ ಅದನ್ನು ಫೆರಿಕ್ ದ್ರಾವಣಕ್ಕೆ ಹಾಕಿ, ಬಣ್ಣವಿಲ್ಲದ ಕಡೆಯ ತಾಮ್ರವೆಲ್ಲ ಕರಗುವವರೆಗೆ ಬೋಗುಣಿ ಅಲ್ಲಾಡಿಸುತ್ತ ಕೂರುತ್ತಿದ್ದರು. ಆದರೆ ಸ್ವೆತೊಲಿಕ್‌ನ ಗೆರೆಗಳ ಮುಂದೆ ಉಳಿದವರದ್ದು ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ತಾಮ್ರದಲ್ಲೇ ಮೂಡಿದ ಅವನ ಹೆಸರು ಬೇರೆ. ಇನ್ನೊಂದು ಜಂಬವೂ ಇತ್ತು: ಮಾಡಿದ್ದನ್ನು ಅವನು ಮನೆಯಲ್ಲಿ ಪರೀಕ್ಷಿಸುತ್ತಲೇ ಇರಲಿಲ್ಲ. ಮೊದಲ ಸಲ ಕರೆಂಟು ಕೊಡುವುದೇ ಜನರ ಎದುರು.

ಈಗ ನಿಜ ಹೇಳುತ್ತೇನೆ, ಕೇಳಿ. ಆ ಬಂಗಾರದ ಕೈ ನಡುಗಲು ಶುರುವಾಗಿ ವರ್ಷಗಳೇ ಕಳೆದಿದ್ದವು. ಕಾಫಿ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಪಾಲಾಗುತ್ತಿತ್ತು. ಗೆರೆ ಎಳೆಯುತ್ತಿದ್ದವಳು, ತೂತು ಕೊರೆಯುತ್ತಿದ್ದವಳು, ಬೆಸುಗೆ ಹಾಕುತ್ತಿದ್ದವಳು, ಅಪ್ಪ ಮಧ್ಯಾಹ್ನ ಗೊರಕೆ ಹೊಡೆಯುವಾಗ ಒಂದೊಂದೇ ಗೆರೆಯನ್ನು ಗುಟ್ಟಾಗಿ ಪರೀಕ್ಷಿಸುತ್ತಿದ್ದವಳು ಮಗಳು ನೆವೆಂಕಾ. ಆ ದ್ರಾವಣ ತಾಗಿ ಬೆರಳಿಗೆ ಹಿಡಿದ ಹಳದಿ ಕಲೆ ಹೋಗಲೆಂದು ನಿಂಬೆಹಣ್ಣು ತಿಕ್ಕಿ ತಿಕ್ಕಿ ಅವಳ ಚರ್ಮವೇ ಸುಲಿದಿತ್ತು. ಯಾರಾದರೂ ಕೇಳಿದರೆ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದೆ ಅನ್ನುತ್ತಿದ್ದಳು. ತಾಯಿ ತೀರಿಕೊಂಡಿದ್ದಳು. ಹೆಣ್ಣಿನ ಕೈಯಲ್ಲಿ ಬರೆಸುತ್ತಾನೆ ಎಂದು ಗೊತ್ತಾದರೆ ಕ್ಲಬ್ಬಿನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಅಪ್ಪ ಅವಳ ಬಾಯಿಗೆ ಬೀಗ ಹಾಕಿಸಿದ್ದ.

ಅಂಥದ್ದರಲ್ಲಿ ಕ್ಷೌರದಂಗಡಿಯ ಲ್ಯುಬಿಂಕೊ ಅವಳನ್ನು ಮದುವೆಯಾಗುತ್ತೇನೆ ಎಂದ. ಸುಂದರಾಂಗನೇನಲ್ಲ. ಆದರೆ ನೆವೆಂಕಾಳಿಗೆ ಬೇಕಾಗಿದ್ದದ್ದು ಆ ಮನೆಯ ಹೊಸ್ತಿಲು ದಾಟಿಸುವ ಒಬ್ಬ ಮನುಷ್ಯ. ಈ ಸಲ ತಪ್ಪಿದರೆ ಮುಂದೆ ಯಾರೂ ಕೇಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುದುಕ ಬೇಡ ಅನ್ನಲಿಲ್ಲ. ಹಣ್ಣಿನ ಸಾರಾಯಿ ರಕಿಯಾ ಸುರಿದುಕೊಟ್ಟ, ಹಲ್ಲು ಕಿರಿದ.

"ನನ್ನ ಅಳಿಯ ಆಗೋನಿಗೆ ಒಂದು ಬೋರ್ಡಾದ್ರೂ ಮಾಡೋಕೆ ಬರ್ಬೇಕಪ್ಪಾ. ಗಡ್ಡ ಕೆರೆಯೋ ಕೈ, ನಡುಗಲ್ಲ ತಾನೆ? ತಗೋ, ಮಕ್ಕಳಾಟದ ಕರೆಗಂಟೆ. ಇದನ್ನ ಬಾರಿಸು, ನನ್ನ ಮಗಳನ್ನ ಕರ್ಕೊಂಡು ಹೋಗು."

ಎಂದು ಒಂದು ನಕ್ಷೆ ಕೊಟ್ಟ. ಎಲ್ಲಿ ಮೋಸವಿತ್ತು ಅಂದರೆ, ಪತ್ರಿಕೆಗಳ ನಕ್ಷೆಗಳು ತಾಮ್ರದ ಕಡೆಯಿಂದ ನೋಡಿದ ಹಾಗಿರುತ್ತವೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಆಯಿತು. ಈ ನಕ್ಷೆ ಆಚೆ ಬದಿಯಿಂದ, ಚಿಪ್ಪು ಅನ್ನುವ ಸಾಲುಗಾಲಿನ ಪುಟ್ಟ ಕರಿ ಬಿಲ್ಲೆ ಕೂರುವ ಕಡೆಯಿಂದ ನೋಡಿದ್ದು. ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಮುದುಕ ಅದನ್ನು ಹೇಳಲಿಲ್ಲ. ಪಾಪದ ಲ್ಯುಬಿಂಕೊ ನಾಲಿಗೆ ಕಚ್ಚಿಕೊಂಡು, ಅತ್ತಿಗೆಯ ಕೆಂಪು ಉಗುರುಬಣ್ಣದಲ್ಲಿ ಇದ್ದ ಹಾಗೇ ಬರೆದ.

ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬೋರ್ಡು ತೋರಿಸಿದಾಗ ನೆವೆಂಕಾ ಬಗ್ಗಿ ಗೆರೆಗಳನ್ನೇ ನೋಡಿದಳು.

"ಇದು ಉಲ್ಟಾ ಆಗಿದೆ."

"ಉಲ್ಟಾ ಅಂದ್ರೆ? ನಿಂಗೇನು ಗೊತ್ತು?"

"ಗೊತ್ತು ಬಿಡು. ಚಿಪ್ಪನ್ನ ಆ ಕಡೆ ಇಡಬೇಡ. ಈ ತಾಮ್ರದ ಕಡೆನೇ ಕೂರಿಸಿ, ಇಲ್ಲೇ ಬೆಸುಗೆ ಹಾಕಿದ್ರೆ ಕಾಲುಗಳೆಲ್ಲ ಸರಿಯಾಗತ್ತೆ. ತಾ ಇಲ್ಲಿ."

ಅವಳು ಬೆಸುಗೆ ಹಾಕಿದಳು. ಗಂಟೆ ಕಿರ್ರೆಂದು ಸದ್ದು ಮಾಡಿತು. ಲ್ಯುಬಿಂಕೊ ಗಂಟೆಯನ್ನು ನೋಡಲಿಲ್ಲ, ಅವಳ ಬೆರಳುಗಳನ್ನೇ ನೋಡಿದ. ಆ ನೋಟದಲ್ಲಿ ಸಂತೋಷವಿರಲಿಲ್ಲ.

"ಅಪ್ಪ ಕೇಳಿದ್ರೆ ನಾನೂ ಕೈ ಹಾಕಿದೆ ಅಂತ ಹೇಳ್ಬಿಡು," ಎಂದಳು ಅವಳು. "ಸುಳ್ಳು ಹೇಳಿದ್ರೆ ಅಪ್ಪ ಹಿಡಿದುಹಾಕ್ತಾನೆ."

"ಆಯ್ತು ಆಯ್ತು," ಎಂದ ಅವನು.

ಭಾನುವಾರ ಊಟದ ಮೇಜಿನ ಮೇಲೆ ಗಂಟೆ ಬಾರಿಸಿದಾಗ ಮುದುಕನ ಹುಬ್ಬು ಮೇಲೇರಿತು. ಬೋರ್ಡು ತಿರುಗಿಸಿ ನೋಡಿದ. ಚಿಪ್ಪು ತಾಮ್ರದ ಕಡೆ ಕೂತಿರುವುದನ್ನೂ ಬೆಸುಗೆಯ ನಯವನ್ನೂ ನೋಡಿದ. ಯಾರ ಕೈ ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ಭಲೇ! ಈ ಉಪಾಯ ಯಾರ್ದು?"

"ನಂದೇ ಮಾವ."

"ಇವಳೇನಾದ್ರೂ ಸಹಾಯ ಮಾಡಿದ್ಲಾ?"

ನೆವೆಂಕಾ ಲ್ಯುಬಿಂಕೊನ ಬಾಯನ್ನೇ ನೋಡಿದಳು. ಹೇಳೋ, ಒಂದು ಮಾತು ಹೇಳಿಬಿಡೋ.

"ಇವಳಾ?" ಲ್ಯುಬಿಂಕೊ ನಕ್ಕ. "ಇವಳು ಕಾಫಿ ತಂದುಕೊಟ್ಲು."

ಮುದುಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮೇಜು ಕುಟ್ಟಿಕೊಂಡು ನಕ್ಕ.

"ಸರಿ ಹಾಗಾದ್ರೆ, ಚಿಪ್ಪಿನ ಮೊದಲನೇ ಕಾಲು ಯಾವುದು, ತೋರಿಸಪ್ಪ."

ಲ್ಯುಬಿಂಕೊ ಬೆವೆತ. ಒಂದು ಕಾಲಿಗೆ ಬೆರಳಿಟ್ಟ, ತೆಗೆದ, ಇನ್ನೊಂದಕ್ಕೆ ಇಟ್ಟ.

"ನೆವೆಂಕಾ, ಇವರಿಗೆ ಸ್ವಲ್ಪ ತೋರಿಸಮ್ಮ. ನೀನೇ ಅಲ್ವಾ ಮಾಡಿದ್ದು?"

ಇಷ್ಟು ವರ್ಷದಲ್ಲಿ ಅಪ್ಪ ಬೇರೆಯವರೆದುರು ಆ ಮಾತು ಆಡಿದ್ದು ಅದೊಂದೇ ಸಲ. ಆಡಿದ್ದೂ ಯಾತಕ್ಕೆ ನೋಡಿ! ಅವಳ ಕೈ ತಾನಾಗಿ ಸರಿಯಾದ ಕಾಲಿನ ಮೇಲೆ ಹೋಗಿ ನಿಂತಿತು.

ಲ್ಯುಬಿಂಕೊ ಎದ್ದ. "ಅಪ್ಪ ಮಗಳು ಸೇರಿ ನನ್ನನ್ನ ಬೆಪ್ಪು ಮಾಡಿದ್ರಲ್ಲ! ಬೆರಳೆಲ್ಲ ಆಸಿಡ್ಡು, ಥೂ, ಇಂಥವಳು ಯಾರಿಗೆ ಬೇಕು?" ಎಂದು ಟೋಪಿ ಎತ್ತಿಕೊಂಡು ಹೋಗೇಬಿಟ್ಟ.

"ಹೋದ್ರೆ ಹೋಗ್ಲಿ, ಸುಳ್ಳ," ಎಂದು ಮುದುಕ ರೊಟ್ಟಿಯಿಂದ ತಟ್ಟೆ ಒರೆಸಿದ. "ನೀಶ್ ಊರಿನ ಪ್ರದರ್ಶನ ಹತ್ತಿರ ಬಂತು. ಕಂಪ್ಯೂಟರಿನ ಬೋರ್ಡು ಶುರು ಮಾಡು."

ಅವಳು ಅಳಲಿಲ್ಲ. ಮರುದಿನವೇ ಕೆಲಸಕ್ಕೆ ಕೂತಳು. ಅಷ್ಟು ಚೆಂದದ ಗೆರೆಗಳನ್ನು ಅವಳು ಹಿಂದೆಂದೂ ಎಳೆದಿರಲಿಲ್ಲ. ಮುದುಕ ಬೋರ್ಡನ್ನು ಬೆಳಕಿಗೆ ಹಿಡಿದು, ಗೆರೆಗಳು ಎಷ್ಟು ನುಣುಪು ಎಂದು ನೋಡಿದ. ಮೂಲೆಯಲ್ಲಿ ತನ್ನ ಹೆಸರನ್ನು ಓದಿದ, ತಲೆದೂಗಿದ. ಅದಕ್ಕಿಂತ ಹೆಚ್ಚು ನೋಡುವ ಅಭ್ಯಾಸ ಅವನಿಗೆ ಎಂದೋ ಬಿಟ್ಟುಹೋಗಿತ್ತು.

ನೀಶ್‌ನ ಸಭಾಂಗಣ ಸಿಗರೇಟಿನ ಹೊಗೆಯಿಂದ ತುಂಬಿತ್ತು. ಕಂಪ್ಯೂಟರನ್ನು ಅಂಗಡಿಯಲ್ಲಿ ಕೊಳ್ಳುವುದು ಕನಸಾಗಿದ್ದ ಕಾಲ ಅದು. ಮನೆಯಲ್ಲೇ ಕಟ್ಟಿದ್ದೊಂದು ಜೀವ ಪಡೆಯುವುದನ್ನು ನೋಡಲು ಜನ ಬೆಂಚು ಹತ್ತಿ ನಿಂತಿದ್ದರು. ಗೆಳೆಯ ತಿಹೋಮಿರ್ ಟ್ರಿಯೆಸ್ತೆಯಿಂದ ಕಾಫಿಪುಡಿಯ ಪೊಟ್ಟಣದೊಳಗೆ ಅಡಗಿಸಿ ಗಡಿ ದಾಟಿಸಿದ್ದ ಚಿಪ್ಪುಗಳನ್ನು ಮಗುವನ್ನು ಎತ್ತಿಕೊಡುವ ಹಾಗೆ ಮುದುಕನ ಕೈಗಿತ್ತ. ಅವು ಇಡೀ ಕ್ಲಬ್ಬಿನವು, ಎಲ್ಲರೂ ಸೇರಿ ತರಿಸಿದ್ದವು. ಮುದುಕ ಮಣಿಕಟ್ಟನ್ನು ಮೇಜಿಗೆ ಒತ್ತಿ, ನಡುಕ ಕಾಣದ ಹಾಗೆ, ಒಂದೊಂದನ್ನೇ ಹೆಬ್ಬೆರಳಿನಿಂದ ಸಾಕೆಟ್ಟಿಗೆ ಅದುಮಿದ.

"ಒಂದ್ಸಲ ಮೀಟರ್ ಇಟ್ಟು ನೋಡೋಣ್ವೇನಯ್ಯಾ?" ಎಂದ ತಿಹೋಮಿರ್.

"ಸ್ವೆತೊಲಿಕ್ ಯಾವತ್ತು ನೋಡಿದಾನೆ?" ಎಂದು ಮುದುಕ ಸ್ವಿಚ್ಚು ಒತ್ತಿದ.

ಟಪ್ ಎಂದಿತು. ಪರದೆ ಕಪ್ಪಾಗೇ ಇತ್ತು. ಚಿಪ್ಪೊಂದರ ಬೆನ್ನು ಬಿರಿಯಿತು, ಇನ್ನೊಂದರಿಂದ ಹೊಗೆ ಎದ್ದಿತು, ಸುಟ್ಟ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ತಿಹೋಮಿರ್ ವೈರು ಕಿತ್ತು ಬೋರ್ಡನ್ನು ಮಗುಚಿ ನೋಡಿದ. ಅವನ ಮುಖ ಬಿಳಿಚಿತು.

"ಉಲ್ಟಾ ಬರೆದಿದೀಯಲ್ಲೋ! ಪೂರ್ತಿ ಬೋರ್ಡು ಉಲ್ಟಾ! ಕಲಿಯೋ ಹುಡುಗರು ಮಾಡೋ ತಪ್ಪು ಕಣೋ ಇದು. ನಮ್ಮ ಚಿಪ್ಪೆಲ್ಲ ಹೋಯ್ತಲ್ಲೋ ಪಾಪಿ! ಯಾರು ಬರೆದಿದ್ದು ಇದನ್ನ?"

ಮುದುಕ ಗುಂಪಿನಲ್ಲಿ ಮಗಳನ್ನು ಹುಡುಕಿದ. ಬಾಗಿಲ ಬಳಿ ಅವಳು ಕೋಟು ತೊಟ್ಟು ನಿಂತಿದ್ದಳು. ಕಾಲ ಬಳಿ ಬಟ್ಟೆಬರೆಯ ಪೆಟ್ಟಿಗೆ. ನಿಂಬೆಹಣ್ಣು ತಿಕ್ಕದ ಬೆರಳುಗಳು ಹಳದಿಯಾಗಿ ಎದ್ದು ಕಾಣುತ್ತಿದ್ದವು. ಅವಳ ಕಡೆ ಕೈ ತೋರಿಸಿದ್ದರೆ ಸಾಕಿತ್ತು.

"ಹೇಳೋ, ಯಾರು?"

ಮುದುಕನ ಕೈ ಈಗ ಎಲ್ಲರೆದುರೂ ನಡುಗುತ್ತಿತ್ತು.

"ನಾನೇ," ಎಂದ.

"ನೀನೇ ಕಣೋ, ಇನ್ಯಾರು!" ತಿಹೋಮಿರ್ ಬೋರ್ಡಿನ ಮೂಲೆಯನ್ನು ಅವನ ಮೂಗಿಗೆ ಹಿಡಿದ. ಅಲ್ಲಿ ಹೆಸರಿತ್ತು. ಇಡೀ ಬೋರ್ಡಿನಲ್ಲಿ ನೆವೆಂಕಾ ಅದೊಂದನ್ನು ಮಾತ್ರ ಸರಿಯಾಗಿ ಬರೆದಿದ್ದಳು.

ಯಾರೋ ನಕ್ಕರು. ಹಿಂದೆಯೇ ಎಲ್ಲರೂ ನಕ್ಕರು. ಮುದುಕ ಮತ್ತೆ ಬಾಗಿಲ ಕಡೆ ನೋಡುವಷ್ಟರಲ್ಲಿ ಅಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಅವಳೂ ಇರಲಿಲ್ಲ.