ಬಿಟ್ಟಿ ಕುರ್ಚಿ

“ಸೀಟು ಹರಿದಿದೆಯಲ್ರೀ! ಹೊಸ ರೆಕ್ಸಿನ್ ಹಾಕಿಸಿ ಕೊಡೋಕೆ ಏನು ದಾಡಿ?” ಎನ್ನುತ್ತ ಕಂಟ್ರಾಕ್ಟರ್ ತಿರುಗುವ ಕುರ್ಚಿಯನ್ನು ಷೂ ತುದಿಯಿಂದ ಒದ್ದು ನೋಡಿದ.

ಬೀದಿಯವರೆಲ್ಲ ಮಾವ ಎಂದೇ ಕರೆಯುವ ಸಲೂನಿನವನಿಗೆ ಮೈ ಉರಿದುಹೋಯಿತು. ಅಪ್ಪನ ಕಾಲದ ಕುರ್ಚಿ ಅದು. ಮಂಡಿ ಕೈಕೊಟ್ಟು, ಇನ್ನು ನಿಂತು ದುಡಿಯಲಾರೆ ಎಂದು ಅಂಗಡಿ ಮುಚ್ಚುತ್ತಿದ್ದ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಕುರ್ಚಿ ಮಾರಲು ಮನಸ್ಸು ಬಾರದೆ, ಬೇಕಾದವರು ಸುಮ್ಮನೆ ಒಯ್ಯಲಿ ಎಂದು ನಾಲ್ಕು ಜನಕ್ಕೆ ಹೇಳಿದ್ದ. ಮೊದಲು ಫೋನ್ ಮಾಡಿದ್ದು ಈ ಮಹಾನುಭಾವ. ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಮಕ್ಕಳ ಕೂದಲು ಕತ್ತರಿಸಿ ಸಂಸಾರ ತೂಗಿಸುವ ಹೆಂಗಸು ಬೆಳಿಗ್ಗೆ ಬಂದು ಕೇಳಿದಾಗ, “ಮಾತು ಕೊಟ್ಬಿಟ್ಟಿದೀನಮ್ಮ” ಎಂದು ಬರಿಗೈಲಿ ಕಳಿಸಿದ್ದ. ಪಾಪ, ಅವಳು ಹೋಗುವಾಗ ಕುರ್ಚಿಯ ಕೈಯನ್ನೊಮ್ಮೆ ಸವರಿ ಹೋಗಿದ್ದಳು.

“ನಿಮ್ಮದೂ ಸಲೂನ್ ಇದೆಯಾ ಸ್ವಾಮಿ?”

“ಸಲೂನೆಂಥದ್ದು! ವರಾಂಡದಲ್ಲಿಟ್ಟು ಮೇಲೊಂದು ಹೂವಿನ ಕುಂಡ ಇಡ್ತೀನಿ. ಆ ಕನ್ನಡೀನೂ ಬಿಚ್ಚಿಕೊಡಿ. ಗಾಡಿ ನೀವೇ ಮಾಡಿ ಕಳಿಸ್ಬೇಕು, ಆಯ್ತಾ? ನಿಮ್ಮ ಕಸ ಖಾಲಿ ಮಾಡ್ತಿರೋದು ನಾನು, ಅದನ್ನ ಮರೀಬೇಡಿ.”

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈ ಪುಣ್ಯಾತ್ಮ ಹಿತ್ತಲಿಗೂ ಹೋಗಲಿಲ್ಲ, ಕೊಟ್ಟವನ ಮುಂದೆಯೇ ಮೊಳ ಹಾಕುತ್ತಿದ್ದ. ಅಷ್ಟಕ್ಕೇ ನಿಲ್ಲದೆ ಕುರ್ಚಿಯಲ್ಲಿ ಒರಗಿ ಕುಳಿತ.

“ಹೇಗೂ ಬಂದಿದೀನಿ, ಗಡ್ಡ ತೆಗೆದು ಮೀಸೆ ಒಂಚೂರು ತೀಡಿಬಿಡಿ. ಸಂಜೆ ಬೀಗರು ಬರ್ತಾರೆ. ಇದಕ್ಕೂ ದುಡ್ಡು ಗಿಡ್ಡು ಅನ್ಬೇಡಿ ಮತ್ತೆ!”

“ಛೆ ಛೆ, ನಿಮ್ಮ ಹತ್ರಾನಾ!” ಎಂದ ಮಾವ. ಬಾ ಮಗನೇ ಬಾ, ಎಂದುಕೊಂಡ ಒಳಗೊಳಗೇ.

ಬಿಳಿ ಬಟ್ಟೆ ಹೊದಿಸಿ, ನೊರೆ ಹಚ್ಚಿದ. ಕಂಟ್ರಾಕ್ಟರ್ ಕಣ್ಣು ಮುಚ್ಚಿಕೊಂಡೇ ಕನ್ನಡಿ ಹೇಗೆ ಬಿಚ್ಚಬೇಕೆಂದು ಪಾಠ ಹೇಳುತ್ತಿದ್ದ. ಮಾವ ಎರಡೂ ಕೆನ್ನೆ ನುಣ್ಣಗೆ ಮಾಡಿದ. ಆಮೇಲೆ ಮೂಗಿನ ಕೆಳಗೆ ಬೆರಳಿಟ್ಟು ಚರ್ಮ ಬಿಗಿ ಮಾಡಿ, ಹುರಿ ಮಾಡಿದ ಆ ದಪ್ಪ ಮೀಸೆಯ ಎಡಭಾಗವನ್ನು ಒಂದೇ ಎಳೆತಕ್ಕೆ ಇಳಿಸಿದ. ಎಷ್ಟೋ ದಿನದಿಂದ ಆಗದಿದ್ದ ಖುಷಿ ಆಯಿತು ಅವನಿಗೆ.

“ಅಯ್ಯಯ್ಯೋ! ಇದೇನ್ರೀ ಮಾಡಿದ್ರಿ?”

“ಬಿಟ್ಟಿ ಕೆಲಸ ಇಷ್ಟೇ ಸ್ವಾಮಿ.” ಮಾವ ಕತ್ತಿ ಒರೆಸಿ ಪೆಟ್ಟಿಗೆಗೆ ಹಾಕಿದ. “ಅಂಗಡಿ ಮುಚ್ಚಾಯ್ತು.”

“ದುಡ್ಡು ಕೊಡ್ತೀನಿ, ಎರಡೂ ಕಡೆ ಸಮ ಮಾಡ್ರೀ!”

“ಬೇರೆ ಕಡೆ ನೋಡಿ. ಆದ್ರೆ ಇವತ್ತು ಸಲೂನ್‌ಗಳಿಗೆಲ್ಲ ವಾರದ ರಜೆ. ಸಾಮಾನು ಖಾಲಿ ಮಾಡೋದಿತ್ತು ಅಂತ ನಾನೊಬ್ಬ ಬಾಗಿಲು ತೆಗೆದಿದ್ದು. ಮನೇಲಿ ಉಳಿದರ್ಧಾನೂ ಬೋಳಿಸ್ಕೊಳ್ಳಿ, ಬೀಗರು ಗುರುತು ಹಿಡಿದ್ರೆ ಹಿಡೀತಾರೆ.”

ಕಂಟ್ರಾಕ್ಟರ್ ಹೊದಿಸಿದ್ದ ಬಟ್ಟೆ ಕಿತ್ತು ಕುರ್ಚಿ ಮೇಲೆಸೆದು, ಕೈಯೆತ್ತಿ ಮುಂದೆ ಬಂದ. ಅಷ್ಟರಲ್ಲಿ ಬಾಗಿಲಲ್ಲಿ ಎರಡು ಮೂರು ತಲೆ ಇಣುಕಿದವು, ಯಾರೋ ಕಿಸಕ್ಕೆಂದರು. ಅವನು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಓಡಿದ.

ಮಾವ ಹಿಂದಿನ ಬೀದಿಗೆ ಹೇಳಿಕಳಿಸಿದ. ಬೆಳಿಗ್ಗೆ ಬಂದಿದ್ದ ಹೆಂಗಸು ತನ್ನ ತಮ್ಮನ ತಳ್ಳುಗಾಡಿ ತಂದಳು.

“ಸೀಟು ಹರಿದಿದೆ ಕಣಮ್ಮ.”

“ಅದಕ್ಕೇನು ಮಾವ, ನಾನೇ ಹೊಲ್ಕೋತೀನಿ.”

ಬಿಳಿ ಬಟ್ಟೆಯ ಮಡಿಕೆಯಲ್ಲಿ ಅರ್ಧ ಮೀಸೆ ಇನ್ನೂ ಬಿದ್ದಿತ್ತು. ಮಾವ ಹೊಸ್ತಿಲಾಚೆ ನಿಂತು ಬಟ್ಟೆಯನ್ನು ಜೋರಾಗಿ ಕೊಡವಿ, ಮಡಚಿ, ಅದನ್ನೂ ಅವಳ ಕೈಗಿಟ್ಟ.