ನಮ್ಮ ಮನೆಯ ಮೀಟರ್

ನನ್ನ ಹೆಂಡತಿ ನಮ್ಮೂರ ಸೌರ ವಿದ್ಯುತ್ ಘಟಕದ ಆಪರೇಟರ್. ಶಾಲೆಯ ಹಿಂದಿನ ಫಲಕಗಳು, ಬ್ಯಾಟರಿ ಕೋಣೆ, ನಲವತ್ತು ಮನೆ, ಆಸ್ಪತ್ರೆಯ ಲಸಿಕೆ ಫ್ರಿಜ್ಜು, ಎಲ್ಲ ಅವಳದೇ ಉಸ್ತುವಾರಿ. ನಾನು ದರ್ಜಿ. ಮೋಡ ಕವಿದು ಬ್ಯಾಟರಿ ಸಾಲದೆ ಹೋದರೆ ಅವಳು ಮೊದಲು ಆರಿಸುತ್ತಿದ್ದದ್ದು ನಮ್ಮ ಮನೆಯ ಸ್ವಿಚ್ಚನ್ನೇ. ಹೊಲಿಗೆ ಯಂತ್ರ ಅರ್ಧದಲ್ಲಿ ನಿಂತಾಗಲೆಲ್ಲ ನಾನು ಕೂಗಾಡುತ್ತಿದ್ದೆ.

"ಊರಿಗೆಲ್ಲ ಬೆಳಕು, ನಮಗೆ ಮಾತ್ರ ಕತ್ತಲು. ಇದ್ಯಾವ ನ್ಯಾಯ ಕಣೇ?"

"ನಮ್ಮದನ್ನ ಉರಿಸ್ಕೊಂಡು ಇನ್ನೊಬ್ಬರದನ್ನ ಯಾವ ಮುಖ ಇಟ್ಕೊಂಡು ಆರಿಸಲಿ ರೀ?"

ಇಂಥ ಚಿಕ್ಕ ಘಟಕಗಳ ಪರವಾನಗಿ ಮೊದಲು ರಾಜಧಾನಿಯ ಆಯೋಗದ ಕೈಯಲ್ಲಿತ್ತು. ಈ ವರ್ಷ ಆ ಅಧಿಕಾರ ಹತ್ತಿರದ ಪಟ್ಟಣದ ಕಚೇರಿಗೆ ಬಂತು. ಇನ್ನು ನಮ್ಮ ಮುಖ ನೋಡಿ ತೀರ್ಮಾನಿಸುವವರು ಸಿಕ್ಕರೆಂದು ಹಿಗ್ಗಿದೆವು. ಹೊಸ ನಿಯಮದಂತೆ ಊರಿನ ಒಂದು ಮನೆಯಲ್ಲಿ ಕರೆಂಟು ಇದ್ದ ಗಂಟೆಗಳನ್ನು ದಾಖಲಿಸುವ ಮೀಟರ್ ಕೂರಿಸಬೇಕಿತ್ತು. ಬೇರೆ ಮನೆಗಳಲ್ಲಿ ಮಕ್ಕಳು ಕೈಹಾಕಿ ಕೆಡಿಸಿಯಾರೆಂದು ಅವಳು ಅದನ್ನು ನಮ್ಮ ಗೋಡೆಗೇ ಹಾಕಿಸಿದಳು. ಅದೇ ನಮ್ಮ ಕುತ್ತಿಗೆಗೆ ಬರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆರು ತಿಂಗಳ ಬಳಿಕ ಆ ಕಚೇರಿಯವರು ವಿಚಾರಣೆಗೆ ಕರೆದರು.

"ಐವತ್ತೆಂಟು ದಿನ ಕರೆಂಟ್ ಹೋಗಿದೆ. ಹೀಗಾದ್ರೆ ಪರವಾನಗಿ ಹೇಗೆ ಮುಂದುವರಿಸೋದಮ್ಮ?" ಎಂದರು ಅಧಿಕಾರಿ.

"ಅದು ನಮ್ಮನೆ ಮೀಟರ್ ಸಾರ್. ನಮ್ಮದೊಂದನ್ನ ಆರಿಸಿದ್ರೇ ಸಾಕಾಗ್ತಿತ್ತು, ಊರಲ್ಲಿ ಒಂದು ದಿನಾನೂ ಹೋಗಿಲ್ಲ."

"ಅದಕ್ಕೆ ದಾಖಲೆ?"

ನಾನು ಎದ್ದು ನಿಂತೆ. "ನಾನೇ ಸಾಕ್ಷಿ ಸಾರ್. ಇದೇ ವಿಷಯಕ್ಕೆ ಇವಳ ಜೊತೆ ಜಗಳ ಆಡಿ ಆಡಿ ಸಾಕಾಗಿದೆ."

ಅವರೇನೂ ಕೆಟ್ಟವರಲ್ಲ. "ಗಂಡನ ಮಾತು ದಾಖಲೆ ಆಗಲ್ಲಪ್ಪ. ನಿಯಮಕ್ಕೆ ಬೇಕಾಗಿರೋದು ಆ ಮೀಟರ್ ಒಂದೇ" ಎನ್ನುವಾಗ ತಲೆ ತಗ್ಗಿಸಿದ್ದರು. ಆದರೂ ಪರವಾನಗಿ ರದ್ದುಮಾಡುವ ಆದೇಶಕ್ಕೆ ಸಹಿ ಹಾಕಿದರು.

ಸೋಮವಾರ ಘಟಕಕ್ಕೆ ಬೀಗ ಬಿತ್ತು. ಸರ್ಕಾರದ ದೊಡ್ಡ ವಿದ್ಯುತ್ ಲೈನು ನಮ್ಮೂರಿಗೆ ಬರಲು ಇನ್ನೂ ಒಂದು ವರ್ಷವಂತೆ. ಆಸ್ಪತ್ರೆಯ ನರ್ಸು ಲಸಿಕೆಗಳನ್ನೆಲ್ಲ ಐಸ್ ಡಬ್ಬಿಗೆ ತುಂಬಿಕೊಂಡು ಪಟ್ಟಣದ ಬಸ್ಸು ಹತ್ತಿದಳು. ಪಕ್ಕದ ಮನೆಯ ಬಾಣಂತಿ ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. "ನಾಳೆ ಇದಕ್ಕೆ ಸೂಜಿ ಹಾಕಿಸ್ಬೇಕಿತ್ತು. ಇನ್ನು ಎಲ್ಲಿಗೆ ಹೋಗ್ಲಿ ಅಕ್ಕಾ?"

ಅವಳು ಹೋದ ಮೇಲೆ ನನ್ನ ಹೆಂಡತಿ ಗೋಡೆಯ ಮೀಟರ್ ಕಡೆ ತಿರುಗಿದಳು.

"ನಮ್ಮನೆ ದೀಪ ಉರಿಸ್ಕೊಂಡಿದ್ದಿದ್ರೆ ಇದೆಲ್ಲ ಉಳೀತಿತ್ತಾ ರೀ?"

ಆರು ತಿಂಗಳು ನಾನು ಕೂಗಿ ಕೂಗಿ ಕೇಳಿದ್ದು ಆ ದೀಪವನ್ನೇ. 

"ಇಲ್ಲ ಕಣೇ" ಎಂದು ಸುಳ್ಳು ಹೇಳಿದೆ.