ಮಾಳಿಗೆ ಮೇಲಿನ ಪೆಟ್ಟಿಗೆ

ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯ ಆ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ, ಮನೆಗೊಂದು ವೈಫೈ. ಆ ಗದ್ದಲದ ನಡುವೆ ರವೀಂದ್ರ ತನ್ನ ಮಾಳಿಗೆಯ ಮೇಲೆ ಮೊಬೈಲ್ ಕಂಪನಿಯ ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿದ್ದ. ಅದನ್ನು ನೋಡಿಕೊಳ್ಳುವುದೇ ಅವನ ಕೆಲಸ. ವೈಫೈಗಳು ಓಡಾಡುವ, ಯಾರಪ್ಪನ ಸ್ವತ್ತೂ ಅಲ್ಲದ ರೇಡಿಯೋ ಅಲೆಗಳಲ್ಲೇ ಅದೂ ಓಡಬೇಕು. ಬೇರೆಯವರ ವೈಫೈ ಮಾತಾಡುತ್ತಿದ್ದರೆ ಕಾದು, ಆಮೇಲೆ ಬಾಯಿ ಬಿಡಬೇಕು. ಆದರೆ ಕಂಪನಿಯ ಸಾಹೇಬರು ಸ್ಪೀಡ್ ನೋಡಲು ಬಂದ ದಿನ ರವೀಂದ್ರ ಆ ಕಾಯುವ ಸೆಟ್ಟಿಂಗನ್ನೇ ತೆಗೆದುಬಿಟ್ಟ. ಸ್ಪೀಡ್ ಏರಿತು, ಸಾಹೇಬರು ಬೆನ್ನು ತಟ್ಟಿದರು. ಹೊಗಳಿಕೆಯ ರುಚಿ ಹತ್ತಿದವನು ಅದನ್ನು ಮತ್ತೆ ಹಾಕಲೇ ಇಲ್ಲ.

ಕೆಳಗಿನ ಮನೆಯ ಅನುಸೂಯಳ ನೆಟ್ ಅಂದಿನಿಂದಲೇ ಕೈಕೊಡತೊಡಗಿತು. ಅವಳು ಬಂದು ಕೇಳಿದರೆ, "ನಿಮ್ ಗೋಡೆ ದಪ್ಪ ಐತಕ್ಕ, ಅದಕ್ಕೇ" ಎಂದು ಸಲೀಸಾಗಿ ಸುಳ್ಳು ಹೇಳಿದ. ಪಾಪ, ನಂಬಿದಳು. ಲ್ಯಾಪ್‌ಟಾಪ್ ಹೊತ್ತು ಮೆಟ್ಟಿಲ ಮೇಲೆ ಕೂತು ಟೀಚರ್ ಕೆಲಸಕ್ಕೆ ಆನ್‌ಲೈನ್ ಸಂದರ್ಶನ ಕೊಟ್ಟಳು. ಅವರು ಪ್ರಶ್ನೆ ಕೇಳುತ್ತಿರುವಾಗಲೇ ಪರದೆ ಅಲ್ಲಾಡದೆ ನಿಂತಿತು. ಶಾಲೆಯವರು ಇನ್ಯಾರನ್ನೋ ತೆಗೆದುಕೊಂಡರು.

ಆ ಭಾನುವಾರ ಯಲ್ಲದಕೆರೆಯಿಂದ ರವೀಂದ್ರನ ಅಪ್ಪ ಚಿತ್ರಲಿಂಗಪ್ಪ ಬಂದಿದ್ದ, ಕುರಿ ಕಾಯುವ ಮನುಷ್ಯ. ಪೆಟ್ಟಿಗೆಯ ಕೆಲಸವೇನೆಂದು ಕೇಳಿ ತಿಳಿದುಕೊಂಡ.

"ನಮ್ ನೀರಿನ ತೊಟ್ಟಿ ಇದ್ದಂಗೆ ಅನ್ನು. ಒಬ್ರ ಮಂದೆ ಕುಡೀತಿದ್ರೆ ಇನ್ನೊಬ್ರು ದೂರದಾಗೇ ಕುರಿ ತಡೀತೀವಿ. 'ಆತೇನಪ್ಪಾ' ಅಂತ ಕೂಗಿ, ಆ ಕಡೆಯಿಂದ 'ಬಾ' ಅಂದಮ್ಯಾಲೇ ಬಿಡೋದು. ನಿನ್ ಪೆಟ್ಟಿಗೇನೂ ಕೂಗಿ ಕೇಳ್ತೈತೇನ್ಲೇ?"

ರವೀಂದ್ರನ ಮುಖ ಸಪ್ಪಗಾಯಿತು. "ಇಲ್ಲ ಅಪ್ಪಯ್ಯ. ಅದನ್ನ ನಾನೇ ತೆಗ್ದೀನಿ."

ಕೂಗದೆ ತೊಟ್ಟಿಗೆ ಮಂದೆ ನುಗ್ಗಿಸಿದವನ ಜೊತೆ ಅವರ ಹಟ್ಟಿಯಲ್ಲಿ ಯಾರೂ ರೊಟ್ಟಿ ಮುರಿದು ಹಂಚಿಕೊಳ್ಳುವುದಿಲ್ಲ. ರವೀಂದ್ರನಿಗೆ ಅದು ಗೊತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದ. ಮೇಲೆ ಹೋಗಿ, ಯಾರಿಗೂ ಹೇಳದೆ ಸೆಟ್ಟಿಂಗ್ ಸರಿಮಾಡಿ ಬಂದ.

ಮರುದಿನ ಅನುಸೂಯ ಹೋಳಿಗೆಯ ತಟ್ಟೆ ಹಿಡಿದು ಬಂದಳು. "ನಿನ್ನೆಯಿಂದ ನೆಟ್ ಚೆನ್ನಾಗೈತೆ, ರವೀಂದ್ರ. ನೀನೇ ಏನೋ ಮಾಡಿರ್ಬೇಕು. ನಾನು ಸುಮ್ನೆ ಆ ಗೋಡೆಗೆ ಬೈಕಂತ ಕುಂತಿದ್ದೆ."

ಚಿತ್ರಲಿಂಗಪ್ಪ ತಟ್ಟೆಗೆ ಕೈ ಹಾಕದೆ ಮಗನನ್ನೇ ನೋಡಿದ.

"ಗೋಡೇದೇನೂ ತಪ್ಪಿಲ್ಲಕ್ಕ," ಎಂದ ರವೀಂದ್ರ. "ನಿಮ್ಗೆ ಆ ಕೆಲ್ಸ ತಪ್ಪಿದ್ದು ನನ್ನಿಂದ." ತಲೆ ಎತ್ತದೆ ಎಲ್ಲವನ್ನೂ ಹೇಳಿದ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅನುಸೂಯ ಬೈಯಲಿಲ್ಲ. ಒಂದು ಹೋಳಿಗೆ ತೆಗೆದು ಮುದುಕನ ಕೈಗಿಟ್ಟಳು. ಉಳಿದದ್ದಕ್ಕೆ ಸೆರಗು ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಅಪ್ಪ ಅದನ್ನು ಮಗನೆದುರೇ ಕೂತು ಪೂರ್ತಿ ತಿಂದ. ಅವನಿಗೊಂದು ತುಂಡೂ ಮುರಿಯಲಿಲ್ಲ.